ಬಸ್ಸಿನ ಎತ್ತರ

ನನ್ನ ತಮ್ಮನ ಮಗಳಿಗೆ ಶಾಲೆಯಲ್ಲಿ ಬರೆಸಿದ ಹೆಸರು ಬೇರೆ. ಮನೆಯಲ್ಲಿ ಅವಳನ್ನು ಪಾದರಸ ಎಂದು ಕರೆದವನು ನಾನು, ಆ ಹೆಸರೇ ಗಟ್ಟಿಯಾಯಿತು. ಅಂಗೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರಿ, ನೆಲದ ಮೇಲೆ ಗುಂಡುಗುಂಡಾಗಿ ಓಡುವ ವಸ್ತು ಅದು. ಇವಳೂ ಹಾಗೆಯೇ. ನಡುವೆ ಎದ್ದು ಹೋಗದೆ ಒಂದು ಊಟ ಮುಗಿಸಿದ್ದನ್ನು ನಾನು ಕಂಡಿಲ್ಲ. ತಮ್ಮ ಬೇಗ ಕಣ್ಣು ಮುಚ್ಚಿದ್ದರಿಂದ ನನ್ನ ಮನೆಯಲ್ಲೇ ಬೆಳೆದಳು. ಅವಳ ಕಾಲು ಒಂದು ಕಡೆ ನಿಲ್ಲುವುದಿಲ್ಲ ಎನ್ನುವುದು ಅವಳಿಗೆ ಹಲ್ಲು ಬರುವ ಮೊದಲೇ ನನಗೆ ಗೊತ್ತಿತ್ತು.

ವಿಜ್ಞಾನದಲ್ಲಿ ಪದವಿ ಮಾಡಿದಳು. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಬಿಟ್ಟಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಳು, ಅದನ್ನೂ ಬಿಟ್ಟಳು. ಶಾಲೆಯಲ್ಲಿ ಪಾಠ ಹೇಳಲು ಹೋದಳು. ಮಕ್ಕಳಿಗಿಂತ ಮೊದಲು ಮೇಡಮ್ಮೇ ಗಂಟೆಯ ಕಡೆ ನೋಡುತ್ತಾರೆ ಎಂದು ಹೆಡ್‌ಮಾಸ್ತರು ನನ್ನ ಬಳಿ ನಗುತ್ತಾ ಹೇಳಿದರು. ಆಮೇಲೆ ಒಂದು ದಿನ ನನ್ನ ಎದುರು ಬಂದು ನಿಂತು, "ದೊಡ್ಡಪ್ಪ, ನನಗೆ ಬಸ್ಸು ಕಲಿಸಿ" ಎಂದಳು.

ನಾನು ನಗರದ ಬಸ್ಸು ಡಿಪೋದಲ್ಲಿ ಆಯುಷ್ಯ ಸವೆಸಿದವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬಸ್ಸಿನ ಹಣೆಯ ಬೋರ್ಡು ನೋಡಿ ಅಕ್ಷರ ಕಲಿತೆ, ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಪುಸ್ತಕಗಳಿಂದ ಉಳಿದದ್ದು ಕಲಿತೆ. ಸೇವೆಯ ಕೊನೆಯ ಕಾಲಕ್ಕೆ ಹೊಸ ಡ್ರೈವರುಗಳನ್ನು ತಿದ್ದುವ ಕೆಲಸ ನನ್ನದಾಗಿತ್ತು. ನನ್ನ ಕೈಯಲ್ಲಿ ಪಳಗಿದವರು ಇಂದಿಗೂ ಬಸ್ಸು ಓಡಿಸುವುದನ್ನು ನಿಲ್ದಾಣದಲ್ಲಿ ನಿಂತು ನೋಡಿದರೆ ಸಾಕು, ಇದು ನನ್ನ ಪೈಕಿ ಎಂದು ಹೇಳಬಲ್ಲೆ.

ನನ್ನ ಪಾಠದ ರೀತಿ ಒಂದೇ. ಮೊದಲ ವಾರ ಇಂಜಿನು ಮುಟ್ಟಲು ಬಿಡುತ್ತಿರಲಿಲ್ಲ. ನಿಂತ ಬಸ್ಸಿನ ಸೀಟಿನಲ್ಲಿ ಕೂರಿಸಿ, ರಸ್ತೆ ಎಷ್ಟು ಕೆಳಗಿದೆ ಎಂದು ನೋಡು ಎನ್ನುತ್ತಿದ್ದೆ. ದೂರ ನೋಡು, ರಸ್ತೆಯ ಕೊನೆ ನೋಡು, ಪಕ್ಕದ ಗೋಡೆ ನೋಡು, ಅದು ಕಣ್ಣಿನೊಳಗೆ ಅಚ್ಚೊತ್ತಿದ ಹಾಗೆ ಕೂರಲಿ. ಆ ಎತ್ತರ ಒಂದು ಸಲ ಕಣ್ಣಿಗೆ ಕೂತರೆ ಚಕ್ರ ಎಲ್ಲಿದೆ, ಮೂಲೆ ಎಲ್ಲಿದೆ, ಎದುರಿನ ಮಗು ಎಷ್ಟು ದೂರದಲ್ಲಿದೆ ಎನ್ನುವುದನ್ನು ಯೋಚಿಸಬೇಕಾಗಿಲ್ಲ. ಹುಡುಗರು ಬೇಸರದಿಂದ ಆಕಳಿಸುತ್ತಿದ್ದರು. ಪಾದರಸ ಮಾತ್ರ ಮಿಸುಕದೆ ಕೂತಳು. ಅವಳು ಮಿಸುಕದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಸ್ಸು ಅವಳಿಗೆ ಒಗ್ಗಿತು. ಮದುವೆಯಾಯಿತು, ಹೆಣ್ಣು ಮಗುವಾಯಿತು, ಬಸ್ಸು ಬಿಡಲಿಲ್ಲ. ಗಂಡ ದರ್ಜಿ. ಮೂರು ಹೊಲಿಗೆ ಯಂತ್ರದ ಅಂಗಡಿ, ಮಾತು ಕಡಿಮೆ, ಕೊರಳಲ್ಲಿ ಅಳತೆಯ ಟೇಪು ಸದಾ ಜೋಲುತ್ತಿರುತ್ತದೆ. ಅವನ ತಾಯಿಯ ಮಾತು ಮಗನ ಕತ್ತರಿಗಿಂತ ಹರಿತ. ಸೊಸೆ ಬಸ್ಸಿನಲ್ಲಿ ನೆಲೆ ನಿಂತದ್ದನ್ನು ಕಂಡು ಆ ಹೆಂಗಸು ನನಗೆ ಒಂದು ಸಲ ಹೇಳಿದ್ದರು: "ಬೀಗರೇ, ಇವಳನ್ನ ಒಂದು ಕಡೆ ಕೂರಿಸೋಕೆ ಆ ಕಡೆಯಿಂದ ಈ ಕಡೆ ಓಡೋ ಸೀಟೇ ಬೇಕಾಯ್ತು ನೋಡಿ."

ಅವಳಿಗೆ ಕೊಟ್ಟದ್ದು ವಿಮಾನ ನಿಲ್ದಾಣದ ದಾರಿ. ಆ ದಾರಿಯ ಪ್ರಯಾಣಿಕರಿಗೆ ಡ್ರೈವರಿನ ಮುಖ ಕಾಣುವುದಿಲ್ಲ, ಗಡಿಯಾರ ಮಾತ್ರ ಕಾಣುತ್ತದೆ. ಪೆಟ್ಟಿಗೆ ಎಳೆದುಕೊಂಡು ಏರುತ್ತಾರೆ, ಪೆಟ್ಟಿಗೆ ಎಳೆದುಕೊಂಡು ಇಳಿದು ಓಡುತ್ತಾರೆ. ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದರೆ ತಂತಿ ಬೇಲಿಯ ಆಚೆ ವಿಮಾನಗಳು ಇಳಿಯುವುದು ಕಾಣುತ್ತಿತ್ತು. ಕಂಡಕ್ಟರು ಚಹಾ ಕುಡಿಯಲು ಹೋದರೆ ಇವಳು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿರುತ್ತಿದ್ದಳು.

ಒಂದು ಮಧ್ಯಾಹ್ನ ಸಮವಸ್ತ್ರ ತೊಟ್ಟ ಒಬ್ಬ ಪೈಲಟ್ ಹೆಂಗಸು, ಕಾರು ಕೆಟ್ಟಿತೆಂದು ಓಡಿಬಂದು ಈ ಬಸ್ಸು ಹತ್ತಿದಳು. ಸೀಟಿಲ್ಲದೆ ಇವಳ ಹಿಂದೆಯೇ ಕಂಬ ಹಿಡಿದು ನಿಂತಳು. ಇಳಿಯುವಾಗ, ನೀವು ಬ್ರೇಕು ಹಾಕಿದ್ದು ನನ್ನ ಕಾಲಿಗೆ ಗೊತ್ತೇ ಆಗಲಿಲ್ಲ ಎಂದಳಂತೆ. ನನ್ನದೂ ಇದೇ ಕೆಲಸ, ನಿಲ್ದಾಣ ಸ್ವಲ್ಪ ದೂರ ಅಷ್ಟೇ, ಇದಕ್ಕೆ ಬಂದಾಗ ನನಗೂ ಹೆಚ್ಚುಕಡಿಮೆ ನಿಮ್ಮ ವಯಸ್ಸೇ ಆಗಿತ್ತು ಎಂದೂ ಹೇಳಿ ಹೋದಳಂತೆ. ಹೊಗಳಿ ಹೋದವಳಿಗೆ ಏನು ಗೊತ್ತು, ತಾನು ಒಂದು ಮನೆಯ ನಿದ್ದೆ ಕೆಡಿಸಿ ಹೋದೆ ಎಂದು.

ಪಾದರಸಕ್ಕೆ ಆಗ ಮೂವತ್ತೈದು ತುಂಬಿತ್ತು. ಪೈಲಟ್ ಆಗುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದ ದಿನ ನಾನೂ ಅಲ್ಲಿದ್ದೆ. ಯಾರೂ ಕೂಗಾಡಲಿಲ್ಲ. ಅವಳ ಅತ್ತೆ ಲೋಟ ಕೆಳಗಿಟ್ಟು, ಡೇರಿ ಆಯಿತು, ಔಷಧಿ ಅಂಗಡಿ ಆಯಿತು, ಶಾಲೆ ಆಯಿತು, ನೆಲದ ಮೇಲೆ ಬಿಡುವುದಕ್ಕೆ ಇನ್ನೇನೂ ಉಳಿದಿಲ್ಲ, ಈಗ ನೆಲವನ್ನೇ ಬಿಡುತ್ತಾಳೆ ಎಂದರು. ಪುಟ್ಟ ಮಗಳು ವಿಮಾನಕ್ಕೆ ಹಾರ್ನ್ ಇರುತ್ತದೆಯೇ ಎಂದು ಕೇಳಿದಳು. ಗಂಡ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಆಮೇಲೆ ಒಂದೇ ಮಾತು ಕೇಳಿದ: "ಇದನ್ನೂ ಬಿಡಲ್ಲ ತಾನೇ?"

ಆ ಪ್ರಶ್ನೆ ಅವಳ ಕಾಲಿಗೆ ಕಟ್ಟಿದ ಕಲ್ಲಾಯಿತು ಎನ್ನುವುದು ನನಗೆ ಕಾಣಿಸಿತು. ಈ ಒಂದರಲ್ಲಿ ಸೋತು ವಾಪಸ್ಸು ಬಂದರೆ, ಎಲ್ಲವನ್ನೂ ಬಿಡುವವಳು ಎನ್ನುವ ಮಾತು ಅವಳ ಮುಖಕ್ಕೆ ಬಳಿದ ಬಣ್ಣವಾಗುತ್ತಿತ್ತು. ತೊಳೆದರೆ ಹೋಗುವಂಥದ್ದಲ್ಲ.

ಅಳಿಯ ಅಂಗಡಿಯ ಹಿಂದಿನ ಅರ್ಧ ಜಾಗ ಮಾರಿಬಿಟ್ಟ, ಎರಡು ಯಂತ್ರ ಮುಂದಿನ ಅರ್ಧಕ್ಕೆ ಬಂದವು. ದುಡ್ಡಿನ ಮಾತು ಅಷ್ಟು ಸಾಕು. ಡಿಪೋದ ಮ್ಯಾನೇಜರು ನನ್ನ ಮುಖ ನೋಡಿ ಅವಳಿಗೆ ದೀರ್ಘ ರಜೆ ಕೊಟ್ಟರು. ಭಾನುವಾರ ಡ್ರೈವರುಗಳ ಅಭಾವ, ಆ ಒಂದು ದಿನ ಬಂದು ಬಸ್ಸು ಓಡಿಸಬೇಕು, ಹಾಗಿದ್ದರೆ ಸೀಟು ನಿಮ್ಮದೇ ಎಂದು ಒಪ್ಪಂದವಾಯಿತು. ಇದನ್ನು ಹೂಡಿದವನು ನಾನೇ. ಒಳ್ಳೆಯ ಏರ್ಪಾಡು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಅಲ್ಲಿ ಆಗದಿದ್ದರೆ ಇಲ್ಲಿ ಬಾಗಿಲು ತೆರೆದಿರುತ್ತದಲ್ಲ.

ಪರೀಕ್ಷೆಗೆ ಓದುವುದು ಅವಳಿಗೆ ಕಷ್ಟವಾಗಲಿಲ್ಲ. ಗಾಳಿ, ಮೋಡ, ಒತ್ತಡ ಎಲ್ಲವನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಒರಗಿಸಿಟ್ಟು ಓದಿದಳು. ಕಷ್ಟ ಶುರುವಾದದ್ದು ವಿಮಾನ ಮುಟ್ಟಿದ ಮೇಲೆ.

ವಿಮಾನ ಕಲಿಸುವ ಶಾಲೆ ಊರಾಚೆಯ ಒಂದು ಬಯಲಿನಲ್ಲಿತ್ತು. ತಗಡಿನ ಶೆಡ್ಡು, ಒಂದೇ ಒಂದು ಡಾಂಬರು ಪಟ್ಟಿ, ಆಟಿಕೆಯ ಹಾಗೆ ಕಾಣುವ ಪುಟ್ಟ ವಿಮಾನಗಳು. ಕಲಿಯುವವರೆಲ್ಲ ಮೀಸೆ ಚಿಗುರುತ್ತಿದ್ದ ಹುಡುಗರು, ಕಾಲೇಜು ಮುಗಿಸದ ಹುಡುಗಿಯರು. ಇವಳನ್ನು ಮೊದಲ ದಿನ ಯಾರದೋ ತಾಯಿ ಎಂದುಕೊಂಡು ಕುರ್ಚಿ ಕೊಟ್ಟರಂತೆ. ಆಮೇಲೆ ಆಂಟಿ ಎಂದು ಕರೆದರು. ಕಲಿಸುವವನು ಇವಳಿಗಿಂತ ಹತ್ತು ವರ್ಷ ಚಿಕ್ಕವನು. ಅವನು ಮೇಡಂ ಎನ್ನುವುದು, ಇವಳು ಸರ್ ಎನ್ನುವುದು. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಸುಸ್ತಾಗುತ್ತೇವೆ ಎಂದು ಅವಳೇ ನಕ್ಕಿದ್ದಳು.

ಆ ಪುಟ್ಟ ವಿಮಾನವನ್ನು ನೆಲದ ಮೇಲೆ ಓಡಿಸುವಾಗ ಕಾಲಿನಿಂದ ತಿರುಗಿಸಬೇಕು. ಎದುರಿಗೆ ಸ್ಟೀರಿಂಗಿನಂಥದ್ದು ಇದ್ದರೂ ನೆಲದ ಮೇಲೆ ಅದರಿಂದ ದಿಕ್ಕು ತಿರುಗದು. ಪಾದರಸ ಮೊದಲ ದಿನ ಬಸ್ಸಿನ ಸ್ಟೀರಿಂಗು ತಿರುವಿದ ಹಾಗೆ ಎರಡು ಕೈಯಿಂದ ತಿರುವಿದಳು. ವಿಮಾನ ಕೇಳಲಿಲ್ಲ. ನೆಟ್ಟಗೆ ಹುಲ್ಲಿಗೆ ಇಳಿಯಿತು. ಅದು ಬೇಗ ಸರಿಹೋಯಿತು. ಕೈಗೆ ಹೇಳಿದರೆ ಕೈ ಕೇಳುತ್ತದೆ.

ಸರಿಹೋಗದೇ ಇದ್ದದ್ದು ಇಳಿಸುವುದು. ಇಳಿಯುವಾಗ ನೆಲದ ಹತ್ತಿರ ಬಂದಂತೆ ವಿಮಾನದ ಮೂಗನ್ನು ಮೆಲ್ಲಗೆ ಎತ್ತಿ, ಇಳಿತ ನಿಲ್ಲಿಸಿ, ಹಾಗೆಯೇ ಸವರಿಕೊಂಡು ಹೋಗಿ ಚಕ್ರವನ್ನು ನೆಲಕ್ಕೆ ತಾಗಿಸಬೇಕು. ಇವಳು ಎಲ್ಲ ಸರಿಯಾಗಿಯೇ ಮಾಡುತ್ತಿದ್ದಳು, ಆದರೆ ಬಲು ಮೇಲೆ. ನೆಲ ಇನ್ನೂ ಕೆಳಗಿರುವಾಗಲೇ ಬಂದುಬಿಟ್ಟಿತು ಎನ್ನುವ ಹಾಗೆ ಮೂಗೆತ್ತುತ್ತಿದ್ದಳು. ವಿಮಾನ ಒಂದು ಗಳಿಗೆ ಗಾಳಿಯಲ್ಲಿ ತೂಗಾಡಿ, ವೇಗ ಕಳೆದುಕೊಂಡು ಮೂಟೆ ಎಸೆದ ಹಾಗೆ ದೊಪ್ಪನೆ ಬೀಳುತ್ತಿತ್ತು. ಇವಳ ಬೆನ್ನು ನೋಯುತ್ತಿತ್ತು, ಪಕ್ಕದಲ್ಲಿ ಕೂತು ಕಲಿಸುವ ಹುಡುಗನ ಹಲ್ಲು ಕಟಕಟ ಎನ್ನುತ್ತಿತ್ತು. ಇವಳ ಜೊತೆ ಸೇರಿದ ಎಳೆಯರೆಲ್ಲ ಒಬ್ಬೊಬ್ಬರಾಗಿ ಒಂಟಿಯಾಗಿ ಹಾರಿ ಇಳಿದರು. ಇವಳನ್ನು ಒಂಟಿಯಾಗಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ದಿನ ನೋಡಿ ಬರೋಣ ಎಂದು ನಾನೂ ಹೋದೆ. ಶೆಡ್ಡಿನ ನೆರಳಲ್ಲಿ ನಿಂತಿದ್ದ ಒಬ್ಬ ಹುಡುಗ ಮರ್ಯಾದೆಯಿಂದ ಮಾತಾಡಿಸಿದ. ಆಂಟಿ ಸಾರಿಗೆ ಇಲಾಖೆಯ ಆಫೀಸಿನಲ್ಲಿದ್ದರಂತಲ್ಲ, ನೀವೂ ಆಫೀಸರಾಗಿದ್ದಿರಾ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಇವಳು ಎಲ್ಲಿದ್ದಳೋ ಬಂದು, ದೊಡ್ಡಪ್ಪನಿಗೆ ಬಿಸಿಲು ಆಗಿಬರುವುದಿಲ್ಲ ಎಂದು ನನ್ನ ರಟ್ಟೆ ಹಿಡಿದು ಆಚೆ ಕರೆದುಕೊಂಡು ಹೋದಳು.

ಆಗ ಗೊತ್ತಾಯಿತು. ಬಸ್ಸು ಓಡಿಸುತ್ತಿದ್ದೆ ಎಂದು ಅಲ್ಲಿ ಯಾರಿಗೂ ಅವಳು ಹೇಳಿರಲಿಲ್ಲ. ಬಿಸಿಲಿನಲ್ಲಿ ನಾನು ಕುದಿಯುತ್ತಿದ್ದದ್ದು ಬಿಸಿಲಿನಿಂದಲ್ಲ. "ಆಫೀಸಿನ ಕುರ್ಚಿ ಬೆಚ್ಚಗಿದೆಯೇನಮ್ಮಾ" ಎಂದಷ್ಟೇ ಕೇಳಿ, ಅವಳ ಉತ್ತರಕ್ಕೆ ಕಾಯದೆ ಬಸ್ಸು ಹತ್ತಿ ಬಂದೆ. ಕೆಲವು ವಾರ ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಸುದ್ದಿ ಮಾತ್ರ ಅತ್ತೆಯ ಫೋನಿನಲ್ಲಿ ಬರುತ್ತಿತ್ತು.

ಆ ದಿನಗಳಲ್ಲಿ ಅವಳು ಮನೆಯಲ್ಲಿ ಇದ್ದೂ ಇರುತ್ತಿರಲಿಲ್ಲವಂತೆ. ಊಟದ ಮೇಜಿನ ಕೆಳಗೆ ಎರಡೂ ಕಾಲು ಇಲ್ಲದ ಪೆಡಲುಗಳನ್ನು ಒತ್ತುತ್ತಿದ್ದವು, ಮೇಜಿನ ಮೇಲೆ ಲೋಟದ ನೀರು ತುಳುಕುತ್ತಿತ್ತು. ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರೆ ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಉಳಿಯುತ್ತಿತ್ತು, ಇವಳು ಗೋಡೆಯ ಅಂಚಿನಲ್ಲಿ ನಿಂತು ಬೀದಿಯತ್ತ ಬಗ್ಗಿ ನೋಡುತ್ತಿದ್ದಳು. ಮಗಳ ಜಡೆ ಹೆಣೆಯಲು ಕೂತು, ಒಂದು ಜಡೆ ಮುಗಿಸಿ, ಇನ್ನೊಂದನ್ನು ಮರೆತು ಎದ್ದುಹೋಗಿದ್ದಳು. ಮಗು ಹಾಗೆಯೇ ಶಾಲೆಗೆ ಹೋಯಿತು. ಭಾನುವಾರ ಒಂದೇ ದಿನ ಅವಳ ಮುಖದಲ್ಲಿ ನೆಮ್ಮದಿ. ಬಸ್ಸಿನ ಸೀಟಿನಲ್ಲಿ ಕೂತು ಬಾಗಿಲು ಮುಚ್ಚಿಕೊಂಡರೆ ಉಸಿರು ಸರಿಯಾಗುತ್ತಿತ್ತು.

ಹೀಗಿರುವಾಗ ವಿಮಾನದ ಶಾಲೆಯ ಮುಖ್ಯಸ್ಥರು ಕರೆದು ಹೇಳಿದರು. ಬರುವ ವಾರದ ಕೊನೆಯಲ್ಲಿ ನಾನೇ ಪಕ್ಕದಲ್ಲಿ ಕೂತು ನೋಡುತ್ತೇನೆ, ಆಗಲೂ ಹೀಗೆಯೇ ಇದ್ದರೆ ನಿಮ್ಮ ಸಮಯವನ್ನೂ ನಮ್ಮ ಸಮಯವನ್ನೂ ಉಳಿಸೋಣ ಎಂದರು. ಒಳ್ಳೆಯ ಮಾತಿನಲ್ಲಿ ಬಾಗಿಲು ತೋರಿಸುವುದು ಅಂದರೆ ಅದು.

ಆ ಸಂಜೆಯೇ ಅವಳು ನನ್ನ ಮನೆಗೆ ಬಂದಳು. ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಆ ದಿನ ಆದದ್ದನ್ನು ಹೇಳಿದಳು.

ಮುಖ್ಯಸ್ಥರ ಕೋಣೆಯಿಂದ ಹೊರಗೆ ಬಂದಾಗ ಕಲಿಸುವ ಹುಡುಗ ಅಲ್ಲೇ ನಿಂತಿದ್ದ. ಸುತ್ತಲೂ ಉಳಿದ ವಿದ್ಯಾರ್ಥಿಗಳಿದ್ದರು. ಅವನು ಬಹಳ ಯೋಚಿಸಿ ಇಟ್ಟುಕೊಂಡಿದ್ದ ಮಾತನ್ನು ಅಲ್ಲಿಯೇ ಆಡಿದನಂತೆ.

"ಮೇಡಂ, ಬರದೇ ಇರೋರು ಒಂದೊಂದು ಸಲ ಒಂದೊಂದು ತರ ತಪ್ಪು ಮಾಡ್ತಾರೆ. ನೀವು ಪ್ರತಿ ಸಲ ಅದೇ ಎತ್ತರದಲ್ಲಿ ನಿಲ್ಲಿಸ್ತೀರಿ. ಅದು ತಪ್ಪಲ್ಲ, ಅಭ್ಯಾಸ. ಇನ್ನೊಂದು ವಿಷಯ, ಶುಕ್ರವಾರದ ಹೊತ್ತಿಗೆ ಸ್ವಲ್ಪ ಕೆಳಗೆ ಬರ್ತೀರಿ, ಸೋಮವಾರ ಮತ್ತೆ ಮೇಲೆ ಹೋಗಿರ್ತೀರಿ. ಭಾನುವಾರ ಏನು ಮಾಡ್ತೀರಿ?"

ಸುತ್ತಲೂ ಎಳೆಯ ಮುಖಗಳು. ಸುಳ್ಳು ಹೇಳಿದರೆ ವಿಮಾನ ಕೈಬಿಡುತ್ತದೆ, ನಿಜ ಹೇಳಿದರೆ ಆಫೀಸಿನ ಕುರ್ಚಿ ಮುರಿದು ಬೀಳುತ್ತದೆ. ಕೊನೆಗೆ, ಬಸ್ಸು ಓಡಿಸುತ್ತೇನೆ ಎಂದಳು. ಎಷ್ಟು ವರ್ಷದಿಂದ ಎಂದು ಅವನು ಕೇಳಿದ. ಒಂಬತ್ತು ಎಂದಳು.

ಯಾರೂ ನಗಲಿಲ್ಲವಂತೆ. ಕಲಿಸುವ ಹುಡುಗ ಮಾತ್ರ ಹಣೆ ಹಣೆ ಬಡಿದುಕೊಂಡು, ಇದನ್ನು ಮೊದಲೇ ಹೇಳಬಾರದಿತ್ತೇ, ನನ್ನ ಬೆನ್ನಾದರೂ ಉಳಿಯುತ್ತಿತ್ತು ಎಂದ. ಹಿಂದೆ ನಿಂತಿದ್ದ ಒಬ್ಬ ಹುಡುಗ ಯಾವ ದಾರಿ ಎಂದು ವಿಚಾರಿಸಿದ. ವಿಮಾನ ನಿಲ್ದಾಣದ ದಾರಿ ಎಂದಾಗ ಅವನ ಕಣ್ಣು ಅರಳಿತು. "ಅಯ್ಯೋ ಅಕ್ಕ, ನಾನು ಓಡಿ ಬರ್ತಿದ್ರೂ ಕಾಯದೆ ಹೊರಟುಬಿಡ್ತಿದ್ದ ಬಸ್ಸು ನಿಮ್ದೇನಾ?"

ಅಲ್ಲಿಂದ ಆಂಟಿ ಹೋಗಿ ಅಕ್ಕ ಆಯಿತು.

"ಗೊತ್ತಾಯ್ತಾ ದೊಡ್ಡಪ್ಪ?" ಎಂದು ಅವಳು ಕಿಟಕಿಯ ಬಳಿ ನಿಂತಳು. "ನಾನು ಆಕಾಶದಿಂದ ಇಳಿದು ಬಂದು ಎಲ್ಲಿ ನಿಲ್ತಿದ್ದೆ ಅಂದ್ರೆ, ಬಸ್ಸಿನ ಸೀಟಲ್ಲಿ. ಆ ಎತ್ತರಕ್ಕೆ ಬಂದ ತಕ್ಷಣ ಕಣ್ಣು ಹೇಳುತ್ತೆ, ಬಂತು ನೆಲ, ಸಾಕು ಅಂತ. ಆ ಪುಟ್ಟ ವಿಮಾನದ ಸೀಟು ಎಷ್ಟು ಕೆಳಗಿದೆ ಗೊತ್ತಾ? ಕಾರಿನಷ್ಟೂ ಇಲ್ಲ."

ನನಗೆ ಏನೆನ್ನಿಸಿತು ಎಂದು ಮುಚ್ಚಿಡದೆ ಹೇಳುತ್ತೇನೆ. ಮೊದಲು ಬಂದದ್ದು ಹೆಮ್ಮೆ. ನಾನು ಕೂರಿಸಿದ ಎತ್ತರ ಹೇಗೆ ಕೂತಿದೆ ನೋಡಿ, ಮೋಡದಿಂದ ಇಳಿದು ಬಂದರೂ ಅಳಿಸಿಲ್ಲ. ಹೆಮ್ಮೆಯ ಬೆನ್ನಿಗೇ ಇನ್ನೊಂದು ಬಂತು. ನಾನು ಅಷ್ಟು ಗಟ್ಟಿಯಾಗಿ ಹೊಡೆದ ಮೊಳೆಯೇ ಈಗ ಅವಳ ಸೆರಗನ್ನು ಹಿಡಿದೆಳೆಯುತ್ತಿದೆ. ಭಾನುವಾರದ ಏರ್ಪಾಡು ಮಾಡಿ ವಾರಕ್ಕೊಮ್ಮೆ ಆ ಮೊಳೆಗೆ ಸುತ್ತಿಗೆ ಹಾಕುತ್ತಿದ್ದವನೂ ನಾನೇ.

"ಅಳಿಸೋಕೆ ಬರುತ್ತಾ ದೊಡ್ಡಪ್ಪ?" ಎಂದಳು.

"ಬಸ್ಸು ಓಡಿಸ್ತಾ ಇದ್ರೆ ಬರಲ್ಲ," ಎಂದೆ. ನನ್ನ ಬಾಯಿಂದ ಆ ಮಾತು ಬರಬೇಕಾಗಿ ಬಂತು.

ಅವಳಿಗೂ ಗೊತ್ತಿದ್ದ ಮಾತೇ. ಕಲಿಸುವ ಹುಡುಗ ಅದನ್ನೇ ಹೇಳಿ ಕಳಿಸಿದ್ದ, ಇನ್ನು ಬಸ್ಸಿನ ಸೀಟು ಹತ್ತಬೇಡಿ ಎಂದು. ಭಾನುವಾರ ಹೋಗದಿದ್ದರೆ ಡಿಪೋದ ಒಪ್ಪಂದ ಮುರಿಯುತ್ತದೆ. ಮುರಿದ ಮೇಲೆ ಅಲ್ಲಿ ಸೋತರೆ ಇಲ್ಲಿ ಬಾಗಿಲಿಲ್ಲ. ಮುಖ್ಯಸ್ಥರು ನೋಡಿ ಹೇಳುವ ತನಕವಾದರೂ ಒಂದು ವಾರ ಸೀಟು ಹಿಡಿದುಕೊಂಡಿರು ಎಂದು ಹೇಳೋಣವೆಂದರೆ, ಆ ವಾರದ ನಡುವೆಯೇ ಭಾನುವಾರ ಕಾದು ಕೂತಿತ್ತು.

"ನಿಮಗೆ ಬೇಜಾರಾಗುತ್ತೆ ಅಂತ," ಎಂದಳು.

"ಆಫೀಸಲ್ಲಿದ್ದೆ ಅಂದಾಗ ಆಗಿ ಮುಗಿದಿದೆ. ಇವತ್ತು ಎಲ್ಲರೆದುರು ಹೇಳಿದೆಯಲ್ಲ, ಅದಕ್ಕೆ ಇದಕ್ಕೆ ಸರಿಹೋಯ್ತು. ನಾಳೆ ಹೋಗಿ ಬಿಲ್ಲೆ ಕೊಟ್ಟು ಬಾ."

ಡ್ರೈವರಿನ ಎದೆಯ ಮೇಲಿರುವ ಹಿತ್ತಾಳೆಯ ಬಿಲ್ಲೆ. ಅವಳಿಗೆ ಅದನ್ನು ಮೊದಲ ಸಲ ಚುಚ್ಚಿದವನು ನಾನು. ಮರುದಿನ ನಾನೂ ಜೊತೆಗೆ ಹೋದೆ, ಆದರೆ ಒಳಗೆ ಹೋಗಲಿಲ್ಲ, ಎಣ್ಣೆ ನೆಲದ ಮೇಲೆ ಹಳೆಯ ಟೈರಿನ ರಾಶಿಯ ಪಕ್ಕ ನಿಂತೆ. ಗಾಜಿನ ಆಚೆ ಎಲ್ಲ ಕಾಣುತ್ತಿತ್ತು. ಮ್ಯಾನೇಜರು ಬಿಲ್ಲೆಯನ್ನು ಮೇಜಿನ ಮೇಲೆ ಅವಳ ಕಡೆಗೇ ತಳ್ಳಿದರು. ಇನ್ನೊಂದಿಷ್ಟು ದಿನ ಇಟ್ಟುಕೊಂಡು ಯೋಚಿಸು ಎನ್ನುತ್ತಿದ್ದರಂತೆ. ಅವಳು ಮತ್ತೆ ಅವರ ಕಡೆಗೆ ತಳ್ಳಿದಳು. ಅವರು ಮತ್ತೆ ಇವಳ ಕಡೆಗೆ. ಚದುರಂಗದ ಕಾಯಿಯ ಹಾಗೆ ಅದು ಅತ್ತಿಂದಿತ್ತ ಓಡಾಡಿತು. ಕೊನೆಗೆ ಅವಳು ಅದನ್ನು ಅಲ್ಲೇ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೊರಗೆ ಬಂದಳು. ಡಿಪೋದ ಗೇಟು ದಾಟುವ ತನಕ ಆ ಕೈ ಬಿಚ್ಚಲಿಲ್ಲ.

ಸೊಸೆ ಬಿಲ್ಲೆ ಕೊಟ್ಟು ಬಂದದ್ದು ತಿಳಿದು ಅತ್ತೆ ಆ ದಿನ ಮಾತಾಡಲಿಲ್ಲ. ಅವರು ಬೈದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು.

ಕಣ್ಣಿಗೆ ಹೊಸ ಎತ್ತರ ಕೂರಿಸುವ ಕೆಲಸ ಶುರುವಾಯಿತು. ಶಾಲೆಯಲ್ಲಿ ಕಲಿಸುವ ಹುಡುಗ ನಿಂತ ವಿಮಾನದಲ್ಲಿ ಅವಳನ್ನು ಕೂರಿಸಿ, ಡಾಂಬರು ಪಟ್ಟಿಯ ಕೊನೆಯನ್ನು ನೋಡುತ್ತಾ ಇರಿ ಎಂದ. ನನ್ನದೇ ಪಾಠ, ಬೇರೆ ಸೀಟು. ಅಲ್ಲಿ ಕೂರಲು ಸಿಗುವ ಹೊತ್ತು ಸಾಲದು ಎಂದು ಅವಳು ಚಡಪಡಿಸಿದಾಗ ದರ್ಜಿ ಅಳಿಯ ಎದ್ದ. ಒಂದು ಬೆಳಗ್ಗೆ ಅವಳ ಜೊತೆ ಹೋಗಿ, ವಿಮಾನದಲ್ಲಿ ಕೂತ ಹೆಂಡತಿಯ ಕಣ್ಣಿನಿಂದ ನೆಲದ ತನಕ ಟೇಪು ಇಳಿಬಿಟ್ಟು ಅಳತೆ ತೆಗೆದ. ವಿಮಾನಕ್ಕೆ ಅಂಗಿ ಹೊಲಿಯುತ್ತೀರಾ ಎಂದು ಹುಡುಗರು ಕೇಳಿದ್ದಕ್ಕೆ, ಬಟ್ಟೆ ನೀವು ತನ್ನಿ ಎಂದನಂತೆ. ಮನೆಗೆ ಬಂದು ಅಂಗಡಿಯ ಒಂದು ಸ್ಟೂಲಿನ ಕಾಲು ಕೊಯ್ದು, ಆ ಅಳತೆಗೆ ಸರಿಯಾಗಿ ಕೂರಿಸಿದ. ಸ್ಟೂಲು ಬಾಗಿಲಾಚೆ ಬೀದಿಯ ಅಂಚಿಗೆ ಬಂತು.

ಅವಳ ಮನೆಯ ಮುಂದಿನ ಬೀದಿ ನೇರ, ಕೊನೆಯಲ್ಲಿ ಒಂದು ನೀರಿನ ಟ್ಯಾಂಕು. ಬೆಳಗ್ಗೆ ಹಾಲು ತರುವವರು, ಪತ್ರಿಕೆ ಹಾಕುವವರು, ಶಾಲೆಯ ಮಕ್ಕಳು ಎಲ್ಲರೂ, ಒಬ್ಬ ಗೃಹಿಣಿ ಗಿಡ್ಡ ಸ್ಟೂಲಿನ ಮೇಲೆ ಕೂತು ಕೈಯಲ್ಲಿ ಏನೋ ಹಿಡಿದ ಹಾಗೆ ಹಿಡಿದು, ಬೀದಿಯ ಕೊನೆಯನ್ನು ದಿಟ್ಟಿಸುವುದನ್ನು ಕಂಡರು. ಎದುರು ಮನೆಯವಳು ಅತ್ತೆಯನ್ನು ಗುಟ್ಟಾಗಿ ಕೇಳಿದಳು, ಸೊಸೆಗೆ ಹುಷಾರಿಲ್ಲವೇ ಎಂದು. ಮೌನ ಹಿಡಿದಿದ್ದ ಅತ್ತೆಗೆ ಬಾಯಿ ಬಂದದ್ದು ಆಗ. "ವಿಮಾನ ಇಳಿಸ್ತಿದ್ದಾಳೆ. ಸ್ವಲ್ಪ ದಾರಿ ಬಿಟ್ಟು ನಿಲ್ಲಮ್ಮ."

ಭಾನುವಾರ ಬಂತು. ಹೊರಡುವ ಹೊತ್ತಿಗೆ ಅವಳು ಅಭ್ಯಾಸದಿಂದ ಎದ್ದು ಕೂದಲು ಬಿಗಿದು ಕಟ್ಟಿ, ಖಾಕಿ ಅಂಗಿಗೆ ಕೈ ಹಾಕಿ, ನಿಂತಳಂತೆ. ಆಮೇಲೆ ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಬಿಸಿಲು ನೆತ್ತಿಗೆ ಬರುವ ತನಕ ಏಳಲಿಲ್ಲ.

ಮುಖ್ಯಸ್ಥರು ನೋಡುವ ದಿನ ನಾನು ಹೋದೆ. ಅಳಿಯ ಬಂದ. ಬೀಳುವುದಾದರೆ ನನ್ನ ಕಣ್ಣೆದುರೇ ಬೀಳಲಿ, ಫೋನಿನಲ್ಲಿ ಕೇಳುವುದು ಬೇಡ ಎಂದು ಅತ್ತೆಯೂ ಬಂದರು. ಮೂವರೂ ಬೇಲಿಗೆ ಅಂಟಿಕೊಂಡು ನಿಂತೆವು. ಬಸ್ಸು ಕಾಯದೆ ಹೊರಡುತ್ತಿತ್ತು ಎಂದಿದ್ದ ಆ ಹುಡುಗ ನಮ್ಮ ಪಕ್ಕದಲ್ಲಿ ನಿಂತು ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದ.

ಮುಖ್ಯಸ್ಥರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಹಾರಿದಳು, ಸುತ್ತು ಹಾಕಿ ಇಳಿಸಿದಳು. ಸ್ವಲ್ಪ ಕುಕ್ಕಿತು, ಮೂಟೆ ಬೀಳಲಿಲ್ಲ. ಮತ್ತೆ ಹಾರಿದಳು, ಮತ್ತೆ ಇಳಿಸಿದಳು. ವಿಮಾನ ಶೆಡ್ಡಿನ ಕಡೆ ಬಂದು ನಿಂತಿತು. ಮುಖ್ಯಸ್ಥರು ಇಳಿದರು, ಬಾಗಿಲು ಹಾಕಿದರು, ಹಿಂದೆ ತಿರುಗಿ ನೋಡದೆ ನಡೆದು ಬಂದರು. ಮುಗಿಯಿತು, ಬೇಡವೆಂದರು ಎಂದುಕೊಂಡೆ ನಾನು. ಆದರೆ ಇಂಜಿನು ನಿಲ್ಲಲಿಲ್ಲ. ವಿಮಾನ ತಿರುಗಿ ಡಾಂಬರು ಪಟ್ಟಿಯ ಕಡೆಗೇ ಹೊರಟಿತು.

"ಒಬ್ಬರೇ ಹೋಗ್ತಿದ್ದಾರೆ," ಎಂದ ಹುಡುಗ, ಮೆಲ್ಲಗೆ.

ಅಳಿಯ ಕೊರಳಿನ ಟೇಪಿನ ಎರಡೂ ತುದಿ ಹಿಡಿದುಕೊಂಡ.

ಪಕ್ಕದ ಸೀಟು ಖಾಲಿಯಾದ್ದರಿಂದ ವಿಮಾನ ಹಗುರವಾಗಿತ್ತು, ಬೇಗ ನೆಲ ಬಿಟ್ಟಿತು. ತುಂಬಿದ ಬಸ್ಸಿಗೂ ಖಾಲಿ ಬಸ್ಸಿಗೂ ಇರುವ ವ್ಯತ್ಯಾಸ ಅವಳ ಮೈಗೆ ಗೊತ್ತು, ಅದಕ್ಕೆ ಬೆಚ್ಚುವವಳಲ್ಲ. ಬಯಲಿನ ಸುತ್ತ ಒಂದು ಸುತ್ತು ಬಂದು ಇಳಿಯಲು ತಿರುಗಿದಳು. ಚೆನ್ನಾಗಿಯೇ ಬಂತು. ಪಟ್ಟಿಯ ಮೇಲೆ ಬಂತು, ಕೆಳಗೆ ಬಂತು, ಮೂಗೆತ್ತಿತು. ಎತ್ತಿದ್ದು ಮೇಲೆಯೇ. ನಾನು ಕಂಡೆ. ವಿಮಾನ ಕಲಿಯದ ನನ್ನ ಕಣ್ಣಿಗೂ ಆ ಎತ್ತರದ ಗುರುತು ಹತ್ತಿತು, ಅದು ನನ್ನದೇ ಎತ್ತರವಾಗಿತ್ತು. ಅತ್ತೆ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದರು. ಇನ್ನೇನು ಬೀಳಬೇಕು ಎನ್ನುವಾಗ ಇಂಜಿನು ಗುಡುಗಿತು, ವಿಮಾನ ನೆಲ ಮುಟ್ಟದೆ ಹಾಗೆಯೇ ಮೇಲೇರಿ ನಮ್ಮ ತಲೆಯ ಮೇಲಿಂದ ಹಾದುಹೋಯಿತು.

"ಸೋತಳಾ?" ಎಂದರು ಅತ್ತೆ.

"ಇಲ್ಲಮ್ಮ. ಸರಿ ಬರ್ಲಿಲ್ಲ ಅಂತ ಅವರಿಗೇ ಗೊತ್ತಾಯ್ತು, ಅದಕ್ಕೆ ಬಿಟ್ಟು ಮೇಲೆ ಹೋದ್ರು. ಗೊತ್ತಾಗೋದೇ ಮುಖ್ಯ," ಎಂದ ಹುಡುಗ.

ಬಿಡುವುದು ಎಂಬ ಮಾತನ್ನು ಕೇಳಿ ಅಳಿಯ ಹುಡುಗನ ಮುಖವನ್ನೇ ನೋಡಿದ.

ಆ ಒಂದು ಸುತ್ತು ನನ್ನ ಜನ್ಮದಲ್ಲಿ ನಾನು ಕಾದ ಅತಿ ಉದ್ದದ ಸುತ್ತು. ಅವಳು ಮತ್ತೆ ತಿರುಗಿದಳು, ಮತ್ತೆ ಇಳಿದಳು. ಬಸ್ಸಿನ ಎತ್ತರಕ್ಕೆ ಬಂದಿತು. ನನ್ನ ಬಲಗಾಲು ತಾನಾಗಿಯೇ ಬ್ರೇಕು ತುಳಿಯಿತು. ವಿಮಾನ ಅಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ ಇನ್ನೂ ಕೆಳಗೆ ಬಂತು, ನೆಲಕ್ಕೆ ಡಿಕ್ಕಿ ಹೊಡೆಯಿತು ಎಂದು ನನಗೆ ತೋರಿದ ಜಾಗಕ್ಕೆ ಬಂದು ಮೂಗೆತ್ತಿ, ಸ್ಟೂಲಿನ ಎತ್ತರದಲ್ಲಿ ಸವರಿಕೊಂಡು ಹೋಯಿತು. ಚಕ್ರ ತಾಗಿದ್ದು ಹೊಗೆಯ ಒಂದು ಎಳೆಯಿಂದ ಗೊತ್ತಾಯಿತು. ನನ್ನ ಕಾಲಿಗೆ ಏನೂ ಗೊತ್ತಾಗಲಿಲ್ಲ.

ಇಳಿದು ಬಂದವಳ ಮುಖ ಬಿಳಿಚಿಕೊಂಡಿತ್ತು. ಹುಡುಗರು ಸುತ್ತುವರಿದು ಬೆನ್ನು ತಟ್ಟುತ್ತಿದ್ದರೂ ಅವಳು ನಿಲ್ಲದೆ ನಮ್ಮ ಕಡೆ ಬಂದಳು. ಅಳಿಯನ ಎದುರು ನಿಂತು, "ರೀ, ನೀವು ಅವತ್ತು ಕೇಳಿದ್ರಲ್ಲ, ಬಿಡಲ್ಲ ತಾನೇ ಅಂತ," ಎಂದಳು. ಅವನು ತಲೆಯಾಡಿಸಿ ಸಾಕು ಎಂದ. ಅತ್ತೆ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿ, ಎರಡನೇ ಸಲ ಇಳಿಸಿದ್ದನ್ನು ಮೊದಲನೇ ಸಲವೇ ಇಳಿಸಿದ್ದರೆ ನನ್ನ ಎದೆ ಉಳಿಯುತ್ತಿತ್ತು ಎಂದರು.

ಅಲ್ಲಿಂದ ಮುಂದೆ ದಾರಿ ಉದ್ದವೇ ಇತ್ತು, ಆದರೆ ದಾರಿ ಇತ್ತು. ಅವಳಿಗೆ ಪರವಾನಗಿ ಬಂತು. ಬಹಳ ಕಾದ ಮೇಲೆ ಜನ ಸಾಗಿಸುವ ದೊಡ್ಡ ವಿಮಾನದ ಕಂಪನಿಯೊಂದು ಸೇರಿಸಿಕೊಂಡಿತು. ಈಗ ತರಬೇತಿಯಲ್ಲಿದ್ದಾಳೆ, ಕ್ಯಾಪ್ಟನ್ನಿನ ಪಕ್ಕದ ಸೀಟು. ಕಾಲು ಕೊಯ್ದ ಸ್ಟೂಲು ಅತ್ತೆಯ ಪಾಲಾಗಿದೆ, ಮಂಡಿನೋವಿಗೆ ಹೇಳಿ ಮಾಡಿಸಿದ ಹಾಗಿದೆಯಂತೆ.

ಮೊನ್ನೆ ಪಾದರಸ ನನ್ನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ದೊಡ್ಡಪ್ಪ, ನಿಮ್ಮ ಮಹಡಿ ಕೋಣೆ ಕಿಟಕಿ ಬೀದಿ ಕಡೆಗೇ ಅಲ್ವಾ ಇರೋದು?"

ದೊಡ್ಡ ವಿಮಾನದ ಸೀಟು ಬಸ್ಸಿಗಿಂತ ಎಷ್ಟೋ ಎತ್ತರ, ಒಂದು ಮಹಡಿಯಷ್ಟು. ಸ್ಟೂಲಿನ ಎತ್ತರ ಕಣ್ಣಿಗೆ ಕೂತುಬಿಟ್ಟಿದೆ, ಈಗ ಅದನ್ನು ಏಳಿಸಬೇಕು. ಬಸ್ಸಿನದು ಉಳಿದಿದ್ದರೆ ಅರ್ಧ ದಾರಿಯಾದರೂ ಬರುತ್ತಿತ್ತು ಎಂದೆ. ಅವಳು ನಕ್ಕು ಮೆಟ್ಟಿಲು ಹತ್ತಿದಳು. ಕಿಟಕಿಯ ಮುಂದೆ ಕುರ್ಚಿ ಹಾಕಿಕೊಟ್ಟು ಬಂದೆ.

ಇದನ್ನು ಬರೆಯುತ್ತಿರುವಾಗ ಅವಳು ಮೇಲೆಯೇ ಇದ್ದಾಳೆ. ಕಣ್ಣು ಬೀದಿಯ ಕೊನೆಯಲ್ಲಿ ನೆಟ್ಟಿರಬೇಕು. ಕಾಲು ಮಾತ್ರ ಸುಮ್ಮನಿಲ್ಲ. ನನ್ನ ತಲೆಯ ಮೇಲಿನ ಹಲಗೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಕಿರುಗುಟ್ಟುತ್ತಿದೆ.